ಡೈರಿ ಮುಂದಿನ ನೈಟಿ ಪಂಚಾಯ್ತಿ

ಮೊದಲು ಹೊಲದ ಸುದ್ದಿ. ಮೊನ್ನೆ ರಾತ್ರಿ ಬಿದ್ದ ಮಳೆಗೆ ಕೂಳೆ ಕಬ್ಬು ಸ್ವಲ್ಪ ಚೇತರಿಸಿಕೊಂಡಿದೆ. ಮೇಲಿನ ತುಂಡಿನ ಟೊಮೆಟೊಗೆ ರಂಗೋಲಿ ಹುಳ ಬಿದ್ದಿದೆ, ಎಲೆ ತುಂಬಾ ಬಿಳಿ ಗೆರೆ. ಔಷಧಿ ಹೊಡೀಬೇಕು, ಗಾಳಿ ನಿಲ್ಲಲಿ ಅಂತ ಎರಡು ದಿನದಿಂದ ಕಾಯ್ತಾ ಇದೀನಿ. ಅದರ ಬಗ್ಗೆ ಕೊನೇಲಿ ಬರೀತೀನಿ, ಇವತ್ತಿನ ವಿಚಾರಕ್ಕೂ ಅದಕ್ಕೂ ಸಂಬಂಧ ಇದೆ.

ಇವತ್ತು ಬರೆಯೋದು ಬಟ್ಟೆ ವಿಚಾರ. ನಗಬೇಡಿ. ನಮ್ಮೂರಲ್ಲಿ ಈಗ ಬೋರ್‌ವೆಲ್ ಬತ್ತಿರೋದಕ್ಕಿಂತ ದೊಡ್ಡ ಸಮಸ್ಯೆ ಅದೇ ಆಗಿದೆ. ಹಬ್ಬದ ಲೆಕ್ಕ ಕೊಡೋಕೆ ಅಂತ ಕರೆದ ಸಭೆಯಲ್ಲಿ, ಲೆಕ್ಕ ಅರ್ಧಕ್ಕೇ ನಿಂತು, ಒಂದು ಹೊಸ ಕಟ್ಟಳೆಯ ಮಾತು ಎದ್ದಿತು. ಹೆಂಗಸರು ನೈಟಿ ಹಾಕ್ಕೊಂಡು ಬೀದಿಗೆ, ಅಂಗಡಿಗೆ, ಡೈರಿಗೆ ಬರಬಾರದು. ಹುಡುಗರು ಬರ್ಮುಡಾ ಚಡ್ಡಿಯಲ್ಲಿ ಅರಳಿಕಟ್ಟೆ ಹತ್ತಬಾರದು. ಮೀರಿದವರು ಐನೂರು ರೂಪಾಯಿ ತಪ್ಪು ಕಟ್ಟಬೇಕು. ಡೈರಿ ಗೋಡೆ ಮೇಲೆ ಬೋರ್ಡ್ ಬರೆಸೋಣ ಅಂತ ಒಬ್ಬರು, ಫ್ಲೆಕ್ಸ್ ಸಾಕು ಅಂತ ಇನ್ನೊಬ್ಬರು. ತೀರ್ಮಾನ ಬರೋ ಭಾನುವಾರಕ್ಕೆ ಮುಂದಕ್ಕೆ ಹೋಗಿದೆ.

ಇದು ಸುಮ್ಮನೆ ಹುಟ್ಟಿದ ಮಾತಲ್ಲ. ಹುಟ್ಟಿದ್ದು ನಮ್ಮ ಮನೆಯಿಂದಲೇ, ಅದನ್ನೂ ಹೇಳಿಬಿಡ್ತೀನಿ. ಸಭೆಗೆ ನಾಲ್ಕು ದಿನ ಮುಂಚೆ ಬೆಳಿಗ್ಗೆ ನಮ್ಮ ಮನೆಯವರು ಹಾಲು ತಗೊಂಡು ಡೈರಿಗೆ ಹೋಗಿದ್ದರು. ನೈಟಿ, ಹೆಗಲ ಮೇಲೆ ಟವಲ್. ನಮ್ಮೂರಲ್ಲಿ ಅರ್ಧಕ್ಕರ್ಧ ಹೆಂಗಸರು ಹಾಗೇ ಬರೋದು. ಸಾಲಿನಲ್ಲಿದ್ದ ಹಿರಿಯರೊಬ್ಬರು (ವರಸೆಯಲ್ಲಿ ನನಗೆ ದೊಡ್ಡಪ್ಪ ಆಗಬೇಕು) ಎಲ್ಲರೆದುರು, "ಏನವ್ವ, ಮಲಗೋ ಬಟ್ಟೇಲೇ ಹಾಲಿಗೆ ಬಂದುಬಿಟ್ಟಿದ್ದೀಯಲ್ಲ, ಊರಲ್ಲಿ ಗಂಡಸ್ರು ಇದಾರೆ ಅನ್ನೋ ಜ್ಞಾನ ಬೇಡ್ವ?" ಅಂದರು. ನಾಲ್ಕು ಜನ ನಕ್ಕರು. ಪಶು ಆಹಾರದ ಮೂಟೆ ಬಂತಾ ಅಂತ ಕೇಳೋಕೆ ಹೋಗಿದ್ದ ನಾನೂ ಅಲ್ಲೇ ಇದ್ದೆ. ನಾನು ನಗಲಿಲ್ಲ ಅಂತ ಹೇಳ್ಕೋಬಹುದು. ಆದರೆ ಹಲ್ಲು ಕಾಣಿಸೋ ಹಾಗೆ ಮುಖ ಮಾಡಿ ನಿಂತಿದ್ದೆ. ಹಿರಿಯರು, ವರಸೆಯವರು, ಏನು ತಿರುಗಿ ಹೇಳೋದು ಅಂತ.

ಅವತ್ತಿನಿಂದ ನಮ್ಮ ಮನೆಯವರು ಡೈರಿಗೆ ಹೋಗಿಲ್ಲ. ಹನ್ನೊಂದು ದಿನ ಆಯ್ತು. ಹಾಲು ನಾನೇ ಹಾಕಿ ಬರ್ತಿದೀನಿ. ಡೈರಿ ಪುಸ್ತಕ ಇರೋದು ಅವರ ಹೆಸರಲ್ಲಿ, ಎರಡು ಹಸು ತಂದ ಸಂಘದ ಸಾಲ ಅವರ ಹೆಸರಲ್ಲಿ, ಫ್ಯಾಟ್ ಎಷ್ಟು ಬಂತು ಅಂತ ಸೆಕ್ರೆಟರಿ ಹತ್ರ ಜಗಳ ಆಡಿ ಬರೆಸ್ಕೊಂಡು ಬರ್ತಿದ್ದೋರೂ ಅವರೇ. ಈಗ ಆ ಮೆಷಿನ್ನಿನ ಮುಂದೆ ನಿಂತು ಅದು ತೋರಿಸಿದ್ದನ್ನ ನಂಬಿಕೊಂಡು ಬರೋದು ನಾನು.

ಅವರ ಬೆಳಗ್ಗೆ ಹೇಗಿರುತ್ತೆ ಗೊತ್ತಿಲ್ಲದೋರು ನಮ್ಮ ಊರುಗಳಲ್ಲಿ ಯಾರೂ ಇಲ್ಲ, ಆದ್ರೂ ಬರೀತೀನಿ. ಐದು ಗಂಟೆಗೆ ಮುಂಚೆ ಏಳಬೇಕು. ಕೊಟ್ಟಿಗೆ ಸಗಣಿ ಬಾಚಬೇಕು, ಗಂಜಲ ತೊಳೀಬೇಕು, ಮೇವು ಹಾಕಬೇಕು, ಕೆಚ್ಚಲು ತೊಳೆದು ಹಾಲು ಕರೀಬೇಕು, ಡೈರಿ ಮುಚ್ಚೋ ಮುಂಚೆ ಓಡಬೇಕು. ಬಂದು ತಿಂಡಿ, ಮಗಳ ಬಸ್ಸು. ಐದೂವರೆ ಮೀಟರ್ ಸೀರೆ ಉಟ್ಟು ಹಸು ಕೆಳಗೆ ಕುಕ್ಕರಗಾಲಲ್ಲಿ ಕೂತರೆ ನೆರಿಗೆ ಎಲ್ಲಿರುತ್ತೆ? ಗಂಜಲದಲ್ಲಿ. ಹಸು ಒದ್ದರೆ ಏಳೋಕೆ ಕಾಲಿಗೆ ಸೆರಗು ಸಿಕ್ಕುತ್ತೆ. ಸಿಕ್ಕಿ ಬಿದ್ದು ಕೈ ಮುರ್ಕೊಂಡೋರು ನಮ್ಮ ಬೀದಿಯಲ್ಲೇ ಇದಾರೆ. ನೈಟಿ ಹತ್ತಿ ಬಟ್ಟೆ, ಮೈಗೆ ಗಾಳಿ ಆಡುತ್ತೆ, ಒಗೆದ್ರೆ ಮಧ್ಯಾಹ್ನಕ್ಕೆ ಒಣಗುತ್ತೆ, ಕುತ್ತಿಗೆಯಿಂದ ಪಾದದವರೆಗೆ ಮುಚ್ಚುತ್ತೆ. ಇದಕ್ಕಿಂತ ಮೈ ಮುಚ್ಚೋ ಬಟ್ಟೆ ಇನ್ಯಾವುದು ಸ್ವಾಮಿ? ಸೀರೆಯಲ್ಲಿ ಸೊಂಟವಾದರೂ ಕಾಣುತ್ತೆ.

ಸಭೆಯಲ್ಲಿ ಪದೇ ಪದೇ ಬಂದ ಮಾತು: "ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಎಷ್ಟು ಲಕ್ಷಣವಾಗಿ ಇರ್ತಿದ್ವಿ." ಈ ಮಾತಿಗೇ ನನ್ನ ತಕರಾರು. ನಾನು ಐವತ್ತು ದಾಟಿದವನು, ಅವರ ಕಾಲದ ಬಾಲ ನಾನೂ ನೋಡಿದೀನಿ.

ನಮ್ಮ ತಾತನ್ನ ನಾನು ನೋಡಿದ್ದು ಹೇಗೆ? ಹೊಲದಲ್ಲಿ ಲಂಗೋಟಿ, ತಲೆಗೆ ಒಂದು ವಸ್ತ್ರ, ಮಳೆ ಬಂದರೆ ಗೋಣಿಚೀಲ ಮಡಚಿದ ಕೊಪ್ಪೆ. ಮನೆ ಹತ್ರ ಮೊಣಕಾಲು ಮೇಲಿನ ತುಂಡು ಪಂಚೆ, ಅದರ ಕೆಳಗೆ ಪಟ್ಟಾಪಟ್ಟಿ ಚಡ್ಡಿ ಇಣುಕೋದು. ಮೈ ಮೇಲೆ ಅಂಗಿ ಇಲ್ಲ. ಒಳ್ಳೆ ಪಂಚೆ ಒಂದು, ಟ್ರಂಕಿನಲ್ಲಿ. ಅದು ಸಂತೆಗೆ, ಕೋರ್ಟಿಗೆ, ಮದುವೆಗೆ. ಟೌನಿಗೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆದು, ಊರ ಬಾಗಿಲಲ್ಲಿ ಕಾಲಿಗೆ ಹಾಕ್ಕೊಳ್ಳೋರು, ಸವೆಯದೇ ಇರಲಿ ಅಂತ. ಅಜ್ಜಿ ಕುಪ್ಪಸ ತೊಟ್ಟವರಲ್ಲ. ಇದ್ದದ್ದು ಎರಡು ಸೀರೆ, ಒಮ್ಮೊಮ್ಮೆ ಒಂದೇ. ಹೊಳೆ ಹತ್ರ ಅರ್ಧ ಸೀರೆ ಉಟ್ಕೊಂಡು ಇನ್ನರ್ಧ ಒಗೆದು ಒಣಗಿಸ್ತಿದ್ದೆವು ಅಂತ ಅವರೇ ಹೇಳ್ತಿದ್ರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೂ ಕಂಟ್ರೋಲ್ ಬಂದಿತ್ತು, 1943ರಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ಸರ್ಕಾರದ ನಿಯಂತ್ರಣ ಆದೇಶ ಆಯ್ತು. ಆಮೇಲೆ ನಮ್ಮಮ್ಮನ ಕಾಲಕ್ಕೆ ಜನತಾ ಸೀರೆ, ಜನತಾ ಪಂಚೆ ಬಂತು. ಅದಕ್ಕೆ ಸಾಲಲ್ಲಿ ನಿಂತವರ ಮಕ್ಕಳು ನಾವು.

ಗಾಂಧೀಜಿ 1921ರ ಸೆಪ್ಟೆಂಬರ್‌ನಲ್ಲಿ ಮಧುರೆಯಲ್ಲಿ ಅಂಗಿ ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದದ್ದು ಯಾಕೆ? ಈ ದೇಶದ ಒಕ್ಕಲು ಮಕ್ಕಳು ಉಡೋದು ಅಷ್ಟೇ ಅನ್ನೋದನ್ನ ಕಣ್ಣಾರೆ ಕಂಡು. ನಮ್ಮ ಹಿರಿಯರು ಅಷ್ಟು ಲಕ್ಷಣವಾಗಿ ಉಟ್ಟು ತೊಟ್ಟು ಓಡಾಡ್ತಿದ್ರೆ ಅವರಿಗೆ ಆ ಕೆಲಸ ಇರ್ತಿರಲಿಲ್ಲ.

ಹಾಗಾದ್ರೆ ಈ "ಲಕ್ಷಣವಾದ ಕಾಲ" ಎಲ್ಲಿಂದ ಬಂತು? ನನಗನ್ಸೋದು, ಫೋಟೋದಿಂದ. ನಮ್ಮನೆ ನಡುಮನೆಯಲ್ಲಿ ಅಪ್ಪನ ಮದುವೆ ಫೋಟೋ ಇದೆ, 1968ರದ್ದು. ಕೋಟು ಹಾಕ್ಕೊಂಡು ಸಾಹೇಬರ ಥರ ಕೂತಿದಾರೆ. ಆ ಕೋಟು ಸ್ಟುಡಿಯೋದವರದ್ದು! ಅದೇ ಕೋಟು, ಮೇಲಿಂದ ಎರಡನೇ ಗುಂಡಿ ಇಲ್ಲದ್ದು, ನಮ್ಮೂರಿನ ಇನ್ನೂ ಮೂರು ಮನೆ ಗೋಡೆಯಲ್ಲಿ ಬೇರೆ ಬೇರೆ ಗಂಡುಗಳ ಮೈ ಮೇಲಿದೆ. ಬೇಕಾದ್ರೆ ಹೋಗಿ ನೋಡಿ. ದಿನಾ ಉಡೋ ಬಟ್ಟೇಲಿ ಆಗ ಯಾರೂ ಫೋಟೋ ತೆಗೆಸ್ಕೊಳ್ತಿರಲಿಲ್ಲ, ದುಡ್ಡು ಯಾರ ಹತ್ರ ಇತ್ತು. ಈಗ ನೋಡಿದ್ರೆ ಹುಡುಗ ಹಸು ತೊಳೀತಾ ಇರೋದನ್ನೂ ಮೊಬೈಲಲ್ಲಿ ಹಿಡೀತಾನೆ. ಅವರ ಹಬ್ಬದ ಬಟ್ಟೆಯನ್ನ ನಮ್ಮ ಕೊಟ್ಟಿಗೆ ಬಟ್ಟೆ ಪಕ್ಕ ಇಟ್ಟು ತೂಗ್ತಾ ಇದೀವಿ. ಆ ತಕ್ಕಡಿ ಸರಿಯಿಲ್ಲ.

ಇನ್ನೊಂದು ವಿಚಾರ ಇದೆ, ಕಟ್ಟೆ ಮೇಲೆ ಯಾರೂ ಆಡಲ್ಲ. ಆ ಕಾಲದಲ್ಲಿ ಎಲ್ಲರಿಗೂ ಬೇಕಾದ್ದು ಉಡೋ ಹಕ್ಕೇ ಇರಲಿಲ್ಲ. ಕೇರಿಯವರು ಗೌಡರ ಮನೆ ಮುಂದೆ ಹಾಯುವಾಗ ಚಪ್ಪಲಿ ಕಳಚಿ ಕೈಗೆ ತಗೋಬೇಕಿತ್ತು. ಹೆಗಲ ಮೇಲಿನ ವಲ್ಲಿ ಇಳಿಸಿ ಸೊಂಟಕ್ಕೆ ಸುತ್ಕೋಬೇಕಿತ್ತು. ಪಂಚೆ ಕಾಲುಮುಚ್ಚ ಬಿಟ್ಕೊಂಡ್ರೆ "ಏನಲಾ, ಸೊಕ್ಕು ಬಂತಾ" ಅನ್ನೋ ಮಾತು. ಇದನ್ನ ನನ್ನ ಚಿಕ್ಕ ವಯಸ್ಸಲ್ಲಿ ನಾನೇ ಕೇಳಿದೀನಿ, ಯಾರ ಮನೆ ಜಗಲಿಯಿಂದ ಅಂತ ಬರೆಯಲ್ಲ, ನಮ್ಮ ಮನೆ ಜಗಲಿಯೂ ಆ ಲೆಕ್ಕದಲ್ಲಿ ಇತ್ತು. ಕೆಳಗೆ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಕೊಂಡ್ರೆ ಅಪರಾಧ ಅಂತ ಬಡಿದಾಟಗಳೇ ಆಗಿ, ರಾಜರ ಕಡೆಯಿಂದ ಅವರು ಮೇಲುವಸ್ತ್ರ ಹೊದೆಯಬಹುದು ಅನ್ನೋ ಆದೇಶ ಬಂದದ್ದು 1859ರಲ್ಲಿ. 1927ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಅವರು ಮಹಾಡ್‌ನಲ್ಲಿ ದಲಿತ ಹೆಣ್ಣುಮಕ್ಕಳನ್ನ ಕೂರಿಸಿಕೊಂಡು, ಜಾತಿ ಗುರುತು ಹಿಡಿಯೋ ಹಾಗೆ ಸೀರೆ ಉಡಬೇಡಿ, ಬೇರೆಯವರ ಹಾಗೇ ಪೂರ್ತಿ ಉಡಿ, ಆ ಭಾರದ ಒಡವೆ ಬಿಸಾಕಿ ಅಂತ ಹೇಳಿದರು. ಒಂದು ಕಾಲದಲ್ಲಿ ಹೆಂಗಸರು ಜಾಸ್ತಿ ಮುಚ್ಕೊಂಡ್ರು ಅಂತ ಪಂಚಾಯ್ತಿ. ಈಗ ಮುಚ್ಕೊಂಡಿರೋ ರೀತಿ ಸರಿಯಿಲ್ಲ ಅಂತ ಪಂಚಾಯ್ತಿ. ಎರಡರಲ್ಲೂ ಕಟ್ಟೆ ಮೇಲೆ ಕೂತು ತೀರ್ಮಾನ ಮಾಡೋರು ಮಾತ್ರ ಗಂಡಸರೇ. ಮೊನ್ನೆಯ ಸಭೆಯಲ್ಲೂ ಒಬ್ಬ ಹೆಣ್ಣುಮಗಳು ಇರಲಿಲ್ಲ.

ಪ್ಯಾಂಟಿನ ಕಥೆ ಗೊತ್ತಲ್ಲ. ಅಪ್ಪ ಮೊದಲ ಸಲ ಟೆರಿಕಾಟ್ ಪ್ಯಾಂಟ್ ಹೊಲಿಸಿಕೊಂಡಾಗ ತಾತ ಮೂರು ದಿನ ಮಾತಾಡಿಸಲಿಲ್ಲವಂತೆ. "ಎರಡು ಕೊಳವೆ ಸಿಕ್ಕಿಸ್ಕೊಂಡವ್ನೆ" ಅಂತ ಊರೆಲ್ಲ ಹೇಳ್ಕೊಂಡು ಬಂದರಂತೆ. ಆಮೇಲೆ ನಮ್ಮ ಕಾಲದಲ್ಲಿ ಚೂಡಿದಾರ್. ನಮ್ಮ ತಂಗಿ ಕಾಲೇಜಿಗೆ ಚೂಡಿದಾರ್ ಹಾಕ್ಕೊಂಡು ಹೋದಾಗ, ಮೊನ್ನೆ ಡೈರಿಯಲ್ಲಿ ಮಾತಾಡಿದ ಇದೇ ದೊಡ್ಡಪ್ಪ ಮನೆವರೆಗೆ ಬಂದು ಅಪ್ಪನ ಹತ್ರ, ಹೆಣ್ಣು ಕೈ ತಪ್ಪಿ ಹೋಗ್ತಾಳೆ ನೋಡ್ಕೋ ಅಂತ ಹೇಳಿ ಹೋದರು. ಈಗ ಸಭೆಯಲ್ಲಿ ಅವರೇ ಏನಂದರು ಗೊತ್ತಾ? "ಸೀರೆ ಆಗದಿದ್ರೆ ಬೇಡ, ಮರ್ಯಾದೆಯಾಗಿ ಚೂಡಿದಾರ್ ಆದ್ರೂ ಹಾಕ್ಕೊಳ್ಳಲಿ." ನನಗೆ ಆಗ ಎದ್ದು ನಿಂತು ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ಇಲ್ಲಿ ಕೇಳ್ತಾ ಇದೀನಿ. ದೊಡ್ಡಪ್ಪ, ಚೂಡಿದಾರ್ ಯಾವಾಗ ಮರ್ಯಾದೆ ಬಟ್ಟೆ ಆಯ್ತು? ಇನ್ನು ಇಪ್ಪತ್ತು ವರ್ಷಕ್ಕೆ "ನೈಟಿ ಆದ್ರೂ ಹಾಕ್ಕೊಳ್ಳಲಿ" ಅಂತ ಯಾರಾದ್ರೂ ಅನ್ನಲ್ಲ ಅಂತ ಏನು ಗ್ಯಾರಂಟಿ?

ಅದಿರಲಿ. ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

2024ರ ಜುಲೈ ನೆನಪು ಮಾಡ್ಕೊಳ್ಳಿ. ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಹಾವೇರಿ ಕಡೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾಕ್ಕೆ ಹೋದರು. ಬಿಳಿ ಪಂಚೆ, ಬಿಳಿ ಅಂಗಿ. ಪಂಚೆ ಉಟ್ಟಿದ್ದೀರಿ, ಒಳಗೆ ಬಿಡಲ್ಲ ಅಂದರು. ಸಂಘಟನೆಗಳು ಮಾಲ್ ಮುಂದೆ ಪಂಚೆ ಉಟ್ಕೊಂಡು ಕೂತವು, ವಿಧಾನಸಭೆಯಲ್ಲೂ ಮಾತಾಯ್ತು, ಏಳು ದಿನ ಮಾಲ್ ಮುಚ್ಚಿಸ್ತೀವಿ ಅಂತ ಸರ್ಕಾರ ಹೇಳಿತು. ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ಸ್ಟೇಷನ್ನಿನಲ್ಲಿ, ತಲೆ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನ ಬಟ್ಟೆ ಕೊಳೆಯಾಗಿದೆ ಅಂತ ತಡೆದು, ಆಮೇಲೆ ಅಲ್ಲಿನ ಭದ್ರತಾ ಮೇಲ್ವಿಚಾರಕನನ್ನ ಕೆಲಸದಿಂದ ತೆಗೆದರು. ಆ ಎರಡು ಸಲವೂ ನಮ್ಮೂರಿನ ಗುಂಪಿನಲ್ಲಿ ಎಷ್ಟು ಮೆಸೇಜು! "ಅನ್ನ ಹಾಕೋ ರೈತನಿಗೆ ಅವಮಾನ" ಅಂತ ಸ್ಟೇಟಸ್ ಹಾಕದೋರೇ ಇರಲಿಲ್ಲ. ನಾನೂ ಹಾಕಿದ್ದೆ. ದೇವೇಗೌಡರು 1996ರಲ್ಲಿ ಪ್ರಧಾನಿ ಆದಾಗಲೂ ಉಟ್ಟದ್ದು ಪಂಚೇನೇ, ಅದಕ್ಕೆ ಡೆಲ್ಲಿ ಬಾಗಿಲು ತೆರೀತು, ಮಾಲ್ ಬಾಗಿಲು ತೆರೀಲಿಲ್ವಾ ಅಂತ ಒಂದು ಉದ್ದದ ಪೋಸ್ಟೇ ಬರೆದಿದ್ದೆ, ನಿಮ್ಮಲ್ಲಿ ಸುಮಾರು ಜನ ಹಂಚ್ಕೊಂಡಿದ್ರಿ.

ಆ ಸೆಕ್ಯೂರಿಟಿ ಮಾಡಿದ್ದೇನು? ದುಡಿಯೋ ಮನುಷ್ಯ ದುಡಿಯೋ ಬಟ್ಟೇಲಿ ಬಂದ, ನಮ್ಮ ಬಾಗಿಲಿಗೆ ಇದು ಲಾಯಕ್ಕಿಲ್ಲ ಅಂತ ತಡೆದ. ನಾವು ಡೈರಿ ಗೋಡೆ ಮೇಲೆ ಬರೆಸೋಕೆ ಹೊರಟಿರೋದೇನು? ಅದನ್ನೇ. ಅಲ್ಲಿ ಬಿಳಿ ಪಂಚೆ, ಇಲ್ಲಿ ಹೂವಿನ ನೈಟಿ. ಅಲ್ಲಿ ತಡೆದೋನಿಗೆ ತಿಂಗಳ ಸಂಬಳ ಇತ್ತು, ಮೇಲಿಂದ ಆರ್ಡರ್ ಇತ್ತು. ನಮಗೆ ಅದೂ ಇಲ್ಲ, ಸುಮ್ಮನೆ ಚಪಲ. ಇಂಥದ್ದನ್ನ ಮಾಡಿ ನೋಡಿದ ಊರೂ ಇದೆ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ 2018ರಲ್ಲಿ ಹಗಲು ಹೊತ್ತು ನೈಟಿ ಹಾಕಿದ್ರೆ ಎರಡು ಸಾವಿರ ದಂಡ, ಹಿಡಿದು ಕೊಟ್ಟೋರಿಗೆ ಒಂದು ಸಾವಿರ ಬಹುಮಾನ ಅಂತ ಹಿರಿಯರು ಕಟ್ಟಳೆ ಮಾಡಿದರು. ಪೊಲೀಸರು, ತಹಶೀಲ್ದಾರರು ಊರಿಗೆ ಬಂದು ವಿಚಾರಿಸೋ ಹಾಗಾಯ್ತು, ದೇಶದ ಪೇಪರಲ್ಲೆಲ್ಲ ಆ ಊರಿನ ಹೆಸರು ಬಂತು. ನಮ್ಮೂರ ಹೆಸರು ಪೇಪರಲ್ಲಿ ಬರಬೇಕು ಅನ್ನೋ ಆಸೆ ನನಗೂ ಇದೆ, ಆದ್ರೆ ಕಬ್ಬಿನ ಇಳುವರಿಗೆ.

ಬಟ್ಟೆಯಿಂದ ಮರ್ಯಾದೆ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. ಎಂಬತ್ತರ ದಶಕದಲ್ಲಿ ರೈತ ಸಂಘದ ಹಸಿರು ಶಾಲು ಹೆಗಲಿಗೆ ಬಿದ್ದ ಮೇಲೆ ತಾಲೂಕು ಆಫೀಸಿನಲ್ಲಿ ನಮ್ಮಪ್ಪನಿಗೆ ಕುರ್ಚಿ ಸಿಕ್ಕಿತು. ಅದಕ್ಕೆ ಮುಂಚೆ ಬಾಗಿಲ ಹತ್ರ ನಿಂತು "ಬುದ್ಧೀ" ಅನ್ನಬೇಕಿತ್ತು. ಮೂರು ಮೊಳದ ಬಟ್ಟೆ ಆ ಕೆಲಸ ಮಾಡಿದ್ದನ್ನ ಕಣ್ಣಲ್ಲಿ ನೋಡಿದೀನಿ. ಆದರೆ ಅದು ನಾವೇ ಆರಿಸಿ ಹಾಕ್ಕೊಂಡದ್ದು. ಇನ್ನೊಬ್ಬರು ದಂಡ ಹಾಕ್ತೀನಿ ಅಂತ ಹೆದರಿಸಿ ಹೊದಿಸಿದ್ದಲ್ಲ.

ಹುಡುಗರ ಚಡ್ಡಿ ವಿಚಾರಕ್ಕೆ ಬಂದರೆ ನನಗೂ ಎರಡು ಮನಸ್ಸು, ಸುಳ್ಳು ಯಾಕೆ ಹೇಳಲಿ. ಹೋದ ತಿಂಗಳು ಸಾವಿನ ಮನೆಗೆ ಒಬ್ಬ ಹುಡುಗ ಬರ್ಮುಡಾ, ಯಾವುದೋ ಫುಟ್‌ಬಾಲ್ ತಂಡದ ಬನಿಯನ್ ಹಾಕ್ಕೊಂಡು ಬಂದ. ನಾನೇ ಬೈದೆ. ಅವನು ಮಾತಾಡದೆ ಹೋಗಿ ಗುದ್ದಲಿ ತಗೊಂಡು ಗುಂಡಿ ತೋಡೋರ ಜೊತೆ ಸೇರ್ಕೊಂಡ. ಬಿಸಿಲಲ್ಲಿ ಎರಡು ಗಂಟೆ. ಬೈದದ್ದು ತಪ್ಪಾಯ್ತು ಅನ್ನಿಸ್ತು, ಆದ್ರೂ ಹನ್ನೊಂದನೇ ದಿನದ ಊಟಕ್ಕೆ ಹಾಗೇ ಬಂದ್ರೆ ಮತ್ತೆ ಬೈತೀನಿ. ಸಾವಿನ ಮನೆ, ಮದುವೆ ಮನೆ, ದೇವರ ಮುಂದೆ ಒಂದು ರೀತಿ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಅದನ್ನ ಮನೆಯ ಹುಡುಗನಿಗೆ ಹೇಳೋ ರೀತೀಲಿ ಹೇಳಬಹುದು. ಹಾಲು ಹಾಕೋ ಸಾಲು ದೇವಸ್ಥಾನ ಅಲ್ಲ.

ಹಾಗೆ ನೋಡಿದ್ರೆ ಬಟ್ಟೆ ವಿಚಾರದಲ್ಲಿ ನಿಜವಾಗಿ ಕೆಟ್ಟಿರೋದು ಒಂದಿದೆ, ಅದರ ಬಗ್ಗೆ ಸಭೆ ಕರೆಯೋರು ಯಾರೂ ಇಲ್ಲ. ಕೆಲಸಕ್ಕೆ ತಕ್ಕ ಬಟ್ಟೆ ಹಾಕೋದನ್ನ ನಾವು ಗಂಡಸರು ಬಿಟ್ಟಿದ್ದೀವಿ. ತಾತನ ಕಂಬಳಿ ಮಳೆ, ಚಳಿ, ಮುಳ್ಳು ಮೂರಕ್ಕೂ ಆಗ್ತಿತ್ತು. ಈಗ ಸಂತೇಲಿ ಸಿಗೋ ನೈಲಾನ್ ಟೀ ಶರ್ಟ್, ಬೆವರು ಹೀರಲ್ಲ, ಮೈಗೆ ಅಂಟ್ಕೊಂಡು ಬೊಕ್ಕೆ ಏಳುತ್ತೆ. ಹೆಂಗಸರು ನಮಗಿಂತ ಬುದ್ಧಿವಂತರು. ಕಬ್ಬಿನ ಸೋಗೆ ಬಿಚ್ಚೋಕೆ ಬರುವಾಗ ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು ಹಾಕಿ, ತಲೆಗೆ ಟವಲ್ ಬಿಗಿದು ಬರ್ತಾರೆ. ನಾವು ಅದೇ ಕಬ್ಬಿಗೆ ಬನಿಯನ್ನಿನಲ್ಲಿ ನುಗ್ಗಿ ಸಂಜೆ ಕೈ ಕೆರ್ಕೊಂಡು ಕೂರ್ತೀವಿ.

ಔಷಧಿ ಹೊಡೆಯುವಾಗ ಇನ್ನೂ ಅನ್ಯಾಯ. ಪಟ್ಟಾಪಟ್ಟಿ ಚಡ್ಡಿ, ಬರಿ ಮೈ, ಬರಿ ಕಾಲು, ಬೆನ್ನಿಗೆ ಸೋರೋ ಕ್ಯಾನು. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಹೊಡೀತಿದ್ದ ಕನಿಷ್ಠ ಇಪ್ಪತ್ತು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರು ಔಷಧಿ ಕುಡಿದು ಸತ್ತದ್ದಲ್ಲ, ಗಾಳೀಲಿ ಮೂಗಿಗೆ ಹೋಗಿ, ಚರ್ಮದಿಂದ ಮೈಗೆ ಇಳಿದು ಸತ್ತದ್ದು. ಗಿಡ ಎದೆಮಟ್ಟ ಬೆಳೆದಿತ್ತು, ಮೈ ಮೇಲೆ ಅಡ್ಡ ಇರಲಿಲ್ಲ. ನಮ್ಮ ಟೊಮೆಟೊ ಕಡ್ಡಿ ಕಟ್ಟಿದ ಮೇಲೆ ಎಷ್ಟು ಎತ್ತರ ಇರುತ್ತೆ ಲೆಕ್ಕ ಹಾಕಿ. ಮೈ ಮುಚ್ಚಿಲ್ಲ ಅಂತ ತಪ್ಪು ಕಟ್ಟಿಸ್ಕೊಳ್ಳೋದೇ ಆದ್ರೆ ಮೊದಲು ಕಟ್ಟಬೇಕಾದವನು ನಾನು. ಹೋದ ವರ್ಷ ಬೀನ್ಸಿಗೆ ಹಾಗೇ ಹೊಡೆದು, ತಲೆ ಸುತ್ತಿ ಬದುವಿನ ಮೇಲೆ ಮಲಗಿದ್ದೆ. ಎಬ್ಬಿಸಿ, ಸೋಪು ಹಾಕಿ ಮೈ ತೊಳೆದು, ಗಾಡಿ ಮಾಡಿಸಿ ಆಸ್ಪತ್ರೆಗೆ ಕರ್ಕೊಂಡು ಹೋದೋರು ನಮ್ಮ ಮನೆಯವರು. ಅವತ್ತೂ ಅವರು ಉಟ್ಟಿದ್ದು ನೈಟೀನೇ. ಸೀರೆ ಉಟ್ಕೊಂಡು ಬಾ ಅಂತ ಯಾರೂ ಹೇಳಲಿಲ್ಲ.

ನಿನ್ನೆ ರಾತ್ರಿ ಅವರನ್ನ ಕೇಳಿದೆ, ನಾಳೆ ಡೈರಿಗೆ ಹೋಗ್ತೀರಾ ಅಂತ. "ಅವತ್ತು ನೀವು ಅಲ್ಲೇ ಇದ್ರಿ" ಅಂದರು. ಅಷ್ಟೇ ಅಂದದ್ದು. ಅದಕ್ಕೇ ಇದನ್ನ ಬರೆಯೋಕೆ ಕೂತೆ. ದೊಡ್ಡಪ್ಪ ಇದನ್ನ ಓದ್ತಾರೆ, ಅವರ ಮೊಮ್ಮಗ ಓದಿ ಹೇಳ್ತಾನೆ, ಗೊತ್ತು. ಅವರ ಮೇಲೆ ನನಗೆ ದ್ವೇಷ ಇಲ್ಲ. ನಮ್ಮಪ್ಪ ತೀರಿಕೊಂಡಾಗ ಮೂರು ದಿನ ನಮ್ಮ ಮನೆ ದನ ನೋಡ್ಕೊಂಡೋರು ಅವರೇ. ಆದರೆ ಡೈರಿ ಮುಂದೆ ಆಡಿದ ಮಾತನ್ನ ಡೈರಿ ಮುಂದೇನೇ ವಾಪಸ್ ತಗೋಬೇಕು. ನಾನು ಸುಮ್ಮನಿದ್ದದ್ದಕ್ಕೆ ನಾನೂ ಅಲ್ಲೇ ತಪ್ಪು ಕಟ್ತೀನಿ, ಬೇಕಾದ್ರೆ ಆ ಐನೂರೇ ಇರಲಿ.

ಭಾನುವಾರ ಸಂಜೆ ಆರಕ್ಕೆ ಸಭೆ. ಹೆಂಗಸರ ಬಟ್ಟೆ ಬಗ್ಗೆ ಮಾತಾಡೋದಾದ್ರೆ ಹೆಂಗಸರನ್ನ ಕರೀಬೇಕು, ಡೈರಿಗೆ ಹಾಲು ಹಾಕೋ ಪ್ರತಿ ಮನೆಯಿಂದ ಒಬ್ಬರು. ಇದು ನನ್ನ ಮೊದಲ ಬೇಡಿಕೆ. ಪಕ್ಕದೂರುಗಳಲ್ಲೂ ಇಂಥ ಬೋರ್ಡಿನ ಮಾತು ಎದ್ದಿದೆ ಅಂತ ಕೇಳಿದೆ, ಅಲ್ಲಿನವರೂ ಬಂದು ಕೂತು ಕೇಳಬಹುದು.

ಇನ್ನು ಟೊಮೆಟೊ. ಗಾಳಿ ನಿಂತ ತಕ್ಷಣ ಬೆಳಿಗ್ಗೆ ಏಳರೊಳಗೆ ಹೊಡೀತೀನಿ, ಈ ಸಲ ತುಂಬುತೋಳಿನ ದಪ್ಪ ಹತ್ತಿ ಅಂಗಿ, ಕಾಲುಮುಚ್ಚ ಪ್ಯಾಂಟು, ಗಂಬೂಟು, ಕೈಗವಸು, ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕ್ಕೊಂಡು. ಔಷಧಿಗೆ ಅಂತಲೇ ಬೇರೆ ಜೊತೆ ಬಟ್ಟೆ, ಅದನ್ನ ಮನೆ ಬಟ್ಟೆ ಜೊತೆ ಒಗೆಯೋ ಹಾಗಿಲ್ಲ. ಟೌನಿನ ಟೈಲರ್ ಹತ್ರ ಮಾತಾಡಿದೀನಿ, ಹತ್ತು ಜನ ಸೇರಿದ್ರೆ ಒಟ್ಟಿಗೆ ಬಟ್ಟೆ ತಂದು ಕಡಿಮೆಗೆ ಹೊಲಿದು ಕೊಡ್ತೀನಿ ಅಂದಿದಾನೆ. ಇದುವರೆಗೆ ನಾಲ್ಕು ಜನ ಆಗಿದೀವಿ. ಬೇಕಾದೋರು ಎದೆ ಅಳತೆ, ಎತ್ತರ ಕಳಿಸಿ.